ಗ್ರಂಧಿಗೆ ಅಂಗಡಿಯ ಅಮ್ಮನನ್ನು ಕೇಳಿ: ಊದಿನಕಡ್ಡಿ, ಧೂಪ, ಲೋಬಾನ

ಹೋದ ತಿಂಗಳು ಇದೇ ಪುಟದಲ್ಲಿ ಅರಿಶಿನ, ಕುಂಕುಮದ ಬಗ್ಗೆ ಬರೆದಿದ್ದೆ. ಕೊನೆಗೆ ‘ಊದಿನಕಡ್ಡಿಯ ಕಥೆ ಇದಕ್ಕಿಂತ ದೊಡ್ಡದು’ ಅಂತ ಒಂದು ಸಾಲು ಸೇರಿಸಿದ್ದೆ. ಸುಮ್ನೆ ಬರೆದದ್ದು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 38 ವರ್ಷ ಗ್ರಂಧಿಗೆ ಅಂಗಡಿಯ ಗಲ್ಲಾದಲ್ಲಿ ಕೂತವಳು. ಅಂಗಡಿ ಮಾವನವರದ್ದು. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬೆಳಿಗ್ಗೆ ಎರಡು ಗಂಟೆ ಹೋಗಿ ಕೂರುತ್ತೇನೆ, ಹೆಚ್ಚಾಗಿ ಅವನಿಗೆ ಕಿರಿಕಿರಿ ಮಾಡಲಿಕ್ಕೆ. ನಾನು ಡಾಕ್ಟರಲ್ಲ, ಶಾಸ್ತ್ರ ಓದಿದವಳೂ ಅಲ್ಲ. ತೂಗಿ ಪೊಟ್ಟಣ ಕಟ್ಟಿದವಳು. ಅಷ್ಟು ತಿಳಿದುಕೊಂಡು ಓದಿ.

ಅಂಗಡಿಯಲ್ಲಿ 15 ರೂಪಾಯಿಯಿಂದ 300 ರೂಪಾಯಿವರೆಗೆ ಊದಿನಕಡ್ಡಿ ಪ್ಯಾಕೆಟ್ ಇವೆ. ಸುಮಾರು ಎಲ್ಲದರ ಮೇಲೂ ‘ಶುದ್ಧ ಶ್ರೀಗಂಧ’ ಎಂದೇ ಬರೆದಿದೆ. ಒಳ್ಳೆಯದನ್ನು ಹೇಗೆ ಗುರುತಿಸುವುದು ಅಮ್ಮಾ?
ಗೃಹಿಣಿ, ತೀರ್ಥಹಳ್ಳಿ

ಮೊದಲು ಲೆಕ್ಕ ಹಾಕು ತಂಗೀ. ಮೂಗಿನ ಕೆಲಸ ಆಮೇಲೆ.

ಶ್ರೀಗಂಧದ ಒಳ್ಳೆಯ ಚೇಗು, ಅಂದರೆ ಮರದ ನಡುವಿನ ಗಟ್ಟಿ ತಿರುಳು, ಇವತ್ತು ಕಿಲೋಗೆ 10,000 ರೂಪಾಯಿಗಿಂತ ಕಡಿಮೆಗೆ ಸಿಗುವುದಿಲ್ಲ. ಅಂದರೆ ಗ್ರಾಂಗೆ ಕಡಿಮೆಯೆಂದರೂ 10 ರೂಪಾಯಿ. ಒಂದು ಕಡ್ಡಿಗೆ ಅರ್ಧ ಗ್ರಾಂ ಪುಡಿ ಹಾಕಿದರು ಅಂತಿಟ್ಟುಕೋ. ಕಡ್ಡಿಗೆ 5 ರೂಪಾಯಿ. 20 ಕಡ್ಡಿಗೆ ಗಂಧದ ಖರ್ಚೇ 100 ರೂಪಾಯಿ ಆಯ್ತು. ಬಿದಿರು, ಕೂಲಿ, ಡಬ್ಬಿ, ಲಾರಿ ಬಾಡಿಗೆ, ನನ್ನಂಥವಳ ಲಾಭ ಎಲ್ಲ ಬೇರೆ. ಗಂಧದೆಣ್ಣೆಯ ಮಾತಂತೂ ಬೇಡ, ಅದು ಕಿಲೋಗೆ ಲಕ್ಷ ದಾಟುತ್ತದೆ. ಹಾಗಿರುವಾಗ 15 ರೂಪಾಯಿಗೆ ಶುದ್ಧ ಶ್ರೀಗಂಧ ಎಲ್ಲಿಂದ ಬರಬೇಕು? ಅದರಲ್ಲಿರುವುದು ಕಾರ್ಖಾನೆಯಲ್ಲಿ ಮಾಡಿದ ಗಂಧದ ವಾಸನೆ. ಅದನ್ನು ಹಚ್ಚಬಾರದು ಅಂತ ನಾನು ಹೇಳುವುದಿಲ್ಲ. ಗಂಧ ಅಂತ ನಂಬಿ ಹಚ್ಚಬೇಡ, ಅಷ್ಟೆ.

ಇನ್ನೊಂದು ಒಳಗಿನ ಸಂಗತಿ ಇದೆ. ಗಂಧದ ಚೇಗಿನಿಂದ ಎಣ್ಣೆ ಬಟ್ಟಿ ಇಳಿಸಿದ ಮೇಲೆ ಪುಡಿ ಉಳಿಯುತ್ತದಲ್ಲ, ಅದೂ ಊದಿನಕಡ್ಡಿಗೇ ಹೋಗುತ್ತದೆ. ಹಾಗಾಗಿ ‘ಗಂಧದ ಪುಡಿ ಇದೆ’ ಅನ್ನುವ ಮಾತು ಸುಳ್ಳಾಗದೆಯೂ ಗಂಧದ ಸತ್ವ ಇಲ್ಲದಿರಬಹುದು. ಕಬ್ಬಿನ ಸಿಪ್ಪೆಯನ್ನು ಕಬ್ಬು ಅಂದ ಹಾಗೆ. ಎಣ್ಣೆ ತೆಗೆಯುವ ಕೆಲಸ ನಮ್ಮ ಶಿವಮೊಗ್ಗಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಶಿವಮೊಗ್ಗದ ಕಾರ್ಖಾನೆ 1944ರದ್ದು.

ಕಡ್ಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಅದ್ದಿದ ಕಡ್ಡಿ. ಇದ್ದಿಲ ಪುಡಿಗೆ ಜಿಗಟು ಸೇರಿಸಿ ಬಿದಿರ ಕಡ್ಡಿಗೆ ಮೆತ್ತುತ್ತಾರೆ. ವಾಸನೆಯಿಲ್ಲದ ಈ ಕರಿ ಕಡ್ಡಿಯನ್ನು ಕಚ್ಚಾ ಬತ್ತಿ ಅನ್ನುತ್ತಾರೆ. ಆಮೇಲೆ ಅದನ್ನು ಸೆಂಟಿನಲ್ಲಿ ಅದ್ದಿ ಒಣಗಿಸುತ್ತಾರೆ. ಸೆಂಟು ದುಬಾರಿ. ಅದನ್ನು ತೆಳು ಮಾಡಲು ಡಿಇಪಿ ಅನ್ನುವ ದ್ರವ ಬೆರೆಸುವುದು ರೂಢಿ. ಎರಡನೆಯದು ಮಸಾಲ ಬತ್ತಿ. ಗಂಧ, ಲಾವಂಚ, ಕಚೋರ, ಧೂಪದ ಪುಡಿ ಇವನ್ನೆಲ್ಲ ಚಪಾತಿ ಹಿಟ್ಟಿನ ಹಾಗೆ ನಾದಿ ಕಡ್ಡಿಗೆ ಹೊಸೆಯುತ್ತಾರೆ. ಪರಿಮಳ ಹಿಟ್ಟಿನೊಳಗೇ ಇರುತ್ತದೆ. ಮೈಸೂರು ಸೀಮೆಯ ಅಗರಬತ್ತಿಗೆ ಹೆಸರು ತಂದದ್ದು ಈ ಕೈಗುಣವೇ. 2005ರಲ್ಲಿ ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿತು. ಮಸಾಲ ಬತ್ತಿಗೂ ಮೇಲಿಂದ ಸೆಂಟು ಸವರುವವರು ಬೇಕಾದಷ್ಟು ಜನ ಇದ್ದಾರೆ, ಅದೂ ಗೊತ್ತಿರಲಿ.

ಈಗ ಮೂಗಿನ ಕೆಲಸ. ಮುಚ್ಚಿದ ಡಬ್ಬಿಯಿಂದಲೇ ವಾಸನೆ ಬೀದಿಗೆ ಬರುತ್ತಿದ್ದರೆ ಅದು ಅದ್ದಿದ ಕಡ್ಡಿ. ಒಂದು ಕಡ್ಡಿಯನ್ನು ಬಿಳಿ ಕಾಗದದಲ್ಲಿ ಸುತ್ತಿ ರಾತ್ರಿ ಇಡು. ಬೆಳಿಗ್ಗೆ ಎಣ್ಣೆ ಕಲೆ ದೊಡ್ಡದಾಗಿ ಹರಡಿದ್ದರೆ ಸೆಂಟು ಜಾಸ್ತಿ ಕುಡಿದಿದೆ. ಮಸಾಲ ಬತ್ತಿ ಕಂದು ಬಣ್ಣಕ್ಕಿರುತ್ತದೆ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಇವೆಲ್ಲ ಮೇಲುಮೇಲಿನ ಗುರುತು. ನಿಜವಾದ ಪರೀಕ್ಷೆಗೆ ತಾಳ್ಮೆ ಬೇಕು. ಕಡ್ಡಿ ಹಚ್ಚಿ, ಅದು ಪೂರ್ತಿ ಉರಿದು ಮುಗಿಯಲಿ. ಅಂಗಳಕ್ಕೆ ಹೋಗಿ ತುಳಸಿಗೆ ನೀರು ಹಾಕಿ ಬಾ. ಅರ್ಧ ಗಂಟೆ ಬಿಟ್ಟು ದೇವರ ಮನೆಗೆ ಹೋಗು. ಆಗ ಮೂಗಿಗೆ ಏನು ಸಿಗುತ್ತದೋ ಅದೇ ಆ ಕಡ್ಡಿಯ ಯೋಗ್ಯತೆ. ಕೆಟ್ಟದ್ದಾದರೆ ಕಾಗದ ಸುಟ್ಟ ವಾಸನೆ, ಗಂಟಲಲ್ಲಿ ಕೆರೆತ. ಒಳ್ಳೆಯದಾದರೆ ಮರದ ತಣ್ಣನೆ ಪರಿಮಳ, ಅದೂ ಇದೆಯೋ ಇಲ್ಲವೋ ಅನ್ನುವಷ್ಟು. ‘ಬೂದಿ ಬೆಳ್ಳಗಿದ್ದರೆ ಅಸಲಿ’ ಅಂತ ನಂಬುವವರಿದ್ದಾರೆ. ನಾನು ನಂಬುವುದಿಲ್ಲ. ಬೂದಿಯ ಬಣ್ಣ ಹಿಟ್ಟಿಗೆ ಏನೇನು ಬೆರೆಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ನನಗೆ ಗಂಧದ ವಾಸನೆ ಗೊತ್ತಾಗಿದ್ದು ತವರಿನಲ್ಲಿ. ನಮ್ಮದು ಸಾಗರದ ಕಡೆ. ಗಂಧದ ಕೆತ್ತನೆಗೆ ಸಾಗರ, ಸೊರಬದ ಗುಡಿಗಾರರು ಹೆಸರುವಾಸಿ. ನಮ್ಮ ಬೀದಿಯಲ್ಲೇ ಅವರದ್ದೊಂದು ಮನೆಯಿತ್ತು. ಉಳಿಯಿಂದ ಉದುರಿದ ಹೊಟ್ಟನ್ನು ಆ ಮನೆಯ ಅಜ್ಜಿ ನಮ್ಮಮ್ಮನಿಗೆ ಚಿಟಿಕೆ ಲೆಕ್ಕದಲ್ಲಿ ಕೊಡುತ್ತಿದ್ದರು, ಹಬ್ಬಕ್ಕೆ ಮಾತ್ರ. ಕೆಂಡದ ಮೇಲೆ ಹಾಕಿದರೆ ಮೊದಲು ಏನೂ ಅನ್ನಿಸುವುದಿಲ್ಲ. ನೈವೇದ್ಯ ಆಗಿ ನಾವು ಎಲೆ ಮುಂದೆ ಕೂತಾಗ ಎಲ್ಲಿಂದಲೋ ಬರುತ್ತದೆ.

ಅಂಥ ಮೂಗಿದ್ದೂ ನಾನು ಮೋಸ ಹೋಗಿದ್ದೇನೆ. ಒಂದು ವರ್ಷ ನವರಾತ್ರಿಗೆ ಮುಂಚೆ ಸಗಟು ವ್ಯಾಪಾರಿಯೊಬ್ಬರು ‘ಸಾಗರದ ಗಂಧದ ಪುಡಿ’ ಅಂತ 6 ಕಿಲೋ ತಂದು ಹಾಕಿದರು. ಗಡಿಬಿಡಿ ದಿನ. ಚೀಲ ಬಿಚ್ಚಿ ಮೂಸಿದೆ, ಘಮ್ಮೆಂದಿತು, ಪೊಟ್ಟಣ ಕಟ್ಟಿಸಿದೆ. ನಾಲ್ಕನೇ ದಿನ ಒಬ್ಬ ನಿವೃತ್ತ ಮೇಷ್ಟ್ರು ಬಂದು ಪೊಟ್ಟಣ ಗಲ್ಲಾದ ಮೇಲಿಟ್ಟು, “ಅಮ್ಮಾ, ಗಂಧ ನಿಮ್ಮ ಚೀಟಿಯಲ್ಲಿ ಮಾತ್ರ ಇದೆ” ಅಂದರು. ಜಗಳ ಆಡಿದ್ದರೆ ವಾಸಿಯಿತ್ತು. ಅದು ಯಾವುದೋ ಮರದ ಹೊಟ್ಟು, ಸೆಂಟು ಕುಡಿಸಿದ್ದು. ಘಮ್ಮೆಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಉಳಿದದ್ದನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆವು.

ನಿನಗೆ ನನ್ನ ಸಲಹೆ ಇಷ್ಟು. ದಿನಕ್ಕೆ ಮಧ್ಯಮ ಬೆಲೆಯ ಮಸಾಲ ಬತ್ತಿ ತಗೋ, ಲಾವಂಚದ್ದೋ ಧೂಪದ್ದೋ. ಗಂಧದ ಹೆಸರಿಗೆ ದುಡ್ಡು ಕೊಡಬೇಡ. ಆ ದುಡ್ಡು ಕೂಡಿಟ್ಟು ವರ್ಷಕ್ಕೊಮ್ಮೆ ನಂಬಿಕೆಯ ಕಡೆ ಸಣ್ಣದೊಂದು ಗಂಧದ ಕೊರಡು ತಂದು ಸಾಣೆಕಲ್ಲಿನಲ್ಲಿ ತೇಯಿ. ಹಬ್ಬದ ದಿನ ಅದರದ್ದೇ ಚಿಕ್ಕ ಚೂರು ಕೆಂಡಕ್ಕೆ ಹಾಕು. ಹಿತ್ತಲಲ್ಲಿ ಜಾಗ ಇದ್ದರೆ ಒಂದು ಗಿಡವನ್ನೂ ನೆಡು. 1792ರಲ್ಲಿ ಟಿಪ್ಪು ಗಂಧವನ್ನು ರಾಜಮರ ಮಾಡಿದ ಮೇಲೆ ನಮ್ಮ ಜಾಗದಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ ಅನ್ನುವ ಕಾಲ ಬಹಳ ವರ್ಷ ಇತ್ತು. 2001ರ ತಿದ್ದುಪಡಿಯಿಂದ ಬೆಳೆದವರಿಗೇ ಹಕ್ಕು. ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಒಂಟಿಯಾಗಿ ನೆಡಬೇಡ. ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಆಹಾರ ಹೀರುತ್ತದೆ, ಜೊತೆಗೆ ತೊಗರಿ ಗಿಡವಾದರೂ ಇರಬೇಕು.

ಬಿದಿರು ಸುಟ್ಟರೆ ವಂಶಕ್ಕೆ ಕೇಡು, ಅದಕ್ಕೇ ಊದಿನಕಡ್ಡಿ ಹಚ್ಚಬಾರದು ಎಂದು ಯಾರೋ ಮೊಬೈಲಿಗೆ ಕಳಿಸಿದ್ದಾರೆ. ಮನೆಯಲ್ಲಿ ಅಪ್ಪ ಕಡ್ಡಿ ಹಚ್ಚುವುದನ್ನೇ ನಿಲ್ಲಿಸಿದ್ದಾರೆ. ನಿಜವಾ?
ಓದುಗ, ಹೊಸನಗರ (ಈಗ ಬೆಂಗಳೂರು)

ಈ ಮಾತು ಎಲ್ಲಿಂದ ಹುಟ್ಟಿರಬಹುದು ಅಂತ ಹೇಳುತ್ತೇನೆ, ನೋಡಪ್ಪ. ಸಂಸ್ಕೃತದಲ್ಲಿ ‘ವಂಶ’ ಅಂದರೆ ಬಿದಿರು ಅಂತಲೂ ಅರ್ಥ, ಮನೆತನ ಅಂತಲೂ ಅರ್ಥ. ಬಿದಿರು ಮೆಳೆ ಕಟ್ಟಿ ಬೆಳೆಯುವುದನ್ನು ನೋಡಿದರೆ ಯಾಕೆ ಒಂದೇ ಪದ ಅಂತ ಗೊತ್ತಾಗುತ್ತದೆ. ಮತ್ತೆ ನಮ್ಮಲ್ಲಿ ಚಟ್ಟ ಕಟ್ಟುವುದೂ ಬಿದಿರಿನಿಂದ. ಬಿದಿರು ಹೂ ಬಿಟ್ಟರೆ ಮೆಳೆಗೆ ಮೆಳೆಯೇ ಸಾಯುತ್ತದೆ, ಬರ ಬರುತ್ತದೆ ಅಂತ ಮಲೆನಾಡಿನ ಹಿರಿಯರು ಹೆದರುತ್ತಿದ್ದರು. ಇಷ್ಟೆಲ್ಲ ಸೇರಿದ ಮೇಲೆ ಅದನ್ನು ದೇವರ ಮುಂದೆ ಸುಡಲು ಮನಸ್ಸು ಹಿಂಜರಿದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ಬಚ್ಚಲ ಒಲೆಗೆ ಹಳೇ ಬಿದಿರ ಬುಟ್ಟಿ ಎಷ್ಟು ಹೋಗಿಲ್ಲ? ನಿಮ್ಮ ಅಪ್ಪನಿಗೆ ವಾದ ಮಾಡಿ ಗೆಲ್ಲಬೇಡ. ಕಡ್ಡಿಯಿಲ್ಲದ ಧೂಪದ ಬತ್ತಿ ಸಿಗುತ್ತದೆ, ಅದನ್ನು ತಂದುಕೊಡು. ಅವರಿಗೂ ಸಮಾಧಾನ, ಹೊಗೆಯಲ್ಲಿ ಬಿದಿರು ಸುಟ್ಟ ವಾಸನೆಯೂ ಇರುವುದಿಲ್ಲ. ವಂಶದ ಮಾತು ಬಿಟ್ಟರೂ ಇದು ಒಳ್ಳೆಯ ಕಾರಣವೇ.

ಹಾಗಂತ ಬಿದಿರ ಕಡ್ಡಿಯನ್ನು ಹಗುರವಾಗಿ ನೋಡಬೇಡ. ಸ್ವಲ್ಪ ವರ್ಷದ ಹಿಂದೆ ನಮ್ಮ ದೇಶದ ಊದಿನಕಡ್ಡಿಗೆ ವಿಯೆಟ್ನಾಂ, ಚೀನಾದ ಕಡ್ಡಿ ಬರುತ್ತಿತ್ತು. ಇಷ್ಟು ಬಿದಿರು ಇಟ್ಟುಕೊಂಡು! 2017ರಲ್ಲಿ ಅರಣ್ಯ ಕಾಯ್ದೆಯ ಮರಗಳ ಪಟ್ಟಿಯಿಂದ ಬಿದಿರನ್ನು ತೆಗೆದರು. 2019ರಲ್ಲಿ ಅಗರಬತ್ತಿ ಆಮದಿಗೆ ಕಡಿವಾಣ ಹಾಕಿದರು. ಮರುವರ್ಷ ಬಿದಿರ ಕಡ್ಡಿಯ ಆಮದು ಸುಂಕವನ್ನು 25 ಶೇಕಡಾಕ್ಕೆ ಏರಿಸಿದರು.

ನನಗೆ ಎರಡು ತಿಂಗಳ ಮಗು. ಅತ್ತೆ ದಿನಾ ನೀರು ಹಾಕಿದ ಮೇಲೆ ಮಗುವಿಗೆ ಲೋಬಾನದ ಹೊಗೆ ಹಿಡಿಯುತ್ತಾರೆ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
ಬಾಣಂತಿ, ಹೆಸರು ಬೇಡ, ಸಾಗರ

ಇದಕ್ಕೆ ಉತ್ತರ ಬರೆಯುವ ಮುಂಚೆ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ಮಗಳು ಮೂರು ತಿಂಗಳಿದ್ದಾಗ ನಾನೂ ಹೀಗೇ ಮಾಡಿದೆ. ನನ್ನಮ್ಮ ಮಾಡಿದ್ದು, ಅವಳಮ್ಮ ಮಾಡಿದ್ದು. ಪುಷ್ಯ ಮಳೆ ಹೊಯ್ಯುತ್ತಿತ್ತು, ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು, ಕೆಂಡದ ಮಡಕೆ ತೊಟ್ಟಿಲ ಬುಡದಲ್ಲೇ. ಎರಡು ವಾರಕ್ಕೆ ಮಗುವಿನ ಎದೆಯಲ್ಲಿ ಗೊರಗೊರ ಸದ್ದು ಶುರುವಾಯ್ತು. ಡಾಕ್ಟರು ನನ್ನ ಸೀರೆ ಮೂಸಿ, “ಹೊಗೆ ಹಾಕ್ತೀರಾ?” ಅಂತ ಕೇಳಿದರು. ಅಂಗಡಿಯಲ್ಲಿ ಲೋಬಾನ ಮಾರುವವಳು ನಾನೇ. ತಲೆ ಎತ್ತಲಾಗಲಿಲ್ಲ.

ಎಳೆ ಮಗುವಿನ ಶ್ವಾಸಕೋಶಕ್ಕೆ ಯಾವ ಹೊಗೆಯೂ ಬೇಡ. ಲೋಬಾನದ್ದೂ ಬೇಡ, ಗುಗ್ಗುಳದ್ದೂ ಬೇಡ. ಹೊಗೆಗಿಂತ ಹೆದರಬೇಕಾದ್ದು ಇನ್ನೊಂದಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಅತ್ತೆಯವರಿಗೆ ‘ಬೇಡ’ ಅನ್ನಬೇಡ. ‘ಇಲ್ಲಿ ಬೇಡ, ಅಲ್ಲಿ’ ಅನ್ನು. ಹಿಂದಿನವರ ಕಾರಣವೂ ಸುಮ್ಮನೆ ಹುಟ್ಟಿದ್ದಲ್ಲ. ಮಳೆಗಾಲದಲ್ಲಿ ಕೂದಲು ಒಣಗುತ್ತಿರಲಿಲ್ಲ, ಬಟ್ಟೆ ಮುಗ್ಗಲು ವಾಸನೆ ಬರುತ್ತಿತ್ತು, ಸೊಳ್ಳೆ ಬೇರೆ. ಈಗ ಮಗುವಿನ ತಲೆಗೆ ಒಣ ಮೆತ್ತನೆ ಬಟ್ಟೆ ಸಾಕು. ಅತ್ತೆ ಸಂಜೆ ದೇವರ ಮನೆಯಲ್ಲೋ ಜಗಲಿಯಲ್ಲೋ ಲೋಬಾನ ಹಾಕಲಿ. ಮಗು ಒಳಕೋಣೆಯಲ್ಲಿರಲಿ, ನಡುವಿನ ಬಾಗಿಲು ಮುಚ್ಚಿರಲಿ. ‘ಡಾಕ್ಟರು ಹೇಳಿದ್ದಾರೆ’ ಅಂತ ನಿಮ್ಮ ಯಜಮಾನರ ಬಾಯಿಂದ ಹೇಳಿಸು. ಸೊಸೆ ಹೇಳಿದ್ದು ಎದುರು ಮಾತು, ಮಗ ಹೇಳಿದ್ದು ಸಲಹೆ. ನಾನೂ ಅತ್ತೆಯೇ, ಗೊತ್ತು ನನಗೆ.

ಹಾಗೇ ಇನ್ನೊಂದು. ಕರ್ಪೂರದ ಡಬ್ಬಿ ಮಗು ಅಂಬೆಗಾಲಿಡುವ ಮುಂಚೆಯೇ ಮೇಲಿನ ಗೂಡಿಗೆ ಹೋಗಲಿ. ಸಣ್ಣ ತುಂಡು ನುಂಗಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು.

ಲೋಬಾನ, ಸಾಂಬ್ರಾಣಿ, ಗುಗ್ಗುಳ, ರಾಳ ಎಲ್ಲ ಒಂದೇನಾ?
ವಿದ್ಯಾರ್ಥಿನಿ, ಶಿಕಾರಿಪುರ

ಅಲ್ಲ. ಲೋಬಾನ ಮತ್ತು ಸಾಂಬ್ರಾಣಿ ನಮ್ಮ ಅಂಗಡಿಯಲ್ಲಿ ಒಂದೇ ಡಬ್ಬಿ. ಅದು ಸುಮಾತ್ರಾ ಕಡೆಯ ಮರದ ಅಂಟು. ಅರಬರು ‘ಲುಬಾನ್ ಜಾವಿ’ ಅಂದರಂತೆ, ಜಾವಾದ ಲೋಬಾನ ಅಂತ. ಒಡೆದರೆ ಒಳಗೆ ಬಾದಾಮಿ ಚೂರಿನಂಥ ಬಿಳಿ ಕಾಣಬೇಕು. ಗುಗ್ಗುಳ ರಾಜಸ್ಥಾನ, ಗುಜರಾತಿನ ಒಣನೆಲದ ಮುಳ್ಳುಗಿಡದ್ದು. ವೀರಭದ್ರನ ಗುಗ್ಗಳ ಅಂತೀವಲ್ಲ, ಅದೇ ಹೆಸರು. ಆ ಗಿಡ ಈಗ ಅಳಿವಿನ ಅಂಚಿನಲ್ಲಿದೆ. ಹಾಗಾಗಿ ಅಗ್ಗದ ಗುಗ್ಗುಳ ಕಂಡರೆ ನಂಬಬೇಡ. ರಾಳ ಅನ್ನುವುದು ಹಲವು ಮರಗಳ ಅಂಟಿಗೆ ಇಟ್ಟ ಹೆಸರು.

ಈಗ ಬರುವ ಕಪ್ ಸಾಂಬ್ರಾಣಿಯಲ್ಲಿ ಇದ್ದಿಲೇ ಹೆಚ್ಚು. ಅದರ ಬುಡ ಬಹಳ ಕಾಯುತ್ತದೆ. ಮರದ ಮಂಟಪದ ಮೇಲೆ ಇಟ್ಟು ಸುಟ್ಟ ಗುರುತು ಮಾಡಿಕೊಂಡವರು ನನಗೇ ಮೂರು ಜನ ಗೊತ್ತು. ಹಿತ್ತಾಳೆ ತಟ್ಟೆಯಲ್ಲಿ ಸ್ವಲ್ಪ ಮರಳು ಹಾಕಿ ಅದರ ಮೇಲಿಡು. ತೆಂಗಿನ ಕರಟದ ಕೆಂಡ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ನನ್ನ ಅಜ್ಜ ಕಾಡಿನಿಂದ ಹಾಲುಮಡ್ಡಿ ತಂದು ಧೂಪ ಹಾಕುತ್ತಿದ್ದರು. ಆ ವಾಸನೆ ಈಗಿನ ಯಾವ ಕಡ್ಡಿಯಲ್ಲೂ ಇಲ್ಲ. ಎಲ್ಲಿ ಸಿಗುತ್ತದೆ?
ಶಿಕ್ಷಕಿ, ಕೊಪ್ಪ

ನಿಮ್ಮ ಪತ್ರ ಓದಿ ಎರಡು ದಿನ ನನಗೂ ಅದೇ ವಾಸನೆ ಕಾಡಿತು, ಟೀಚರೇ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಕಡೆಯಿಂದ ಒಬ್ಬ ಅಜ್ಜ ವರ್ಷಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದ. ಸೀಮೆಎಣ್ಣೆ ಡಬ್ಬಿಯಲ್ಲಿ ಹಾಲುಮಡ್ಡಿ, ಬಾಯಿಗೆ ಎಲೆ ಕಟ್ಟಿರುತ್ತಿತ್ತು. ಮರದ ಅಂಟು ಅದು, ಬೂದು ಬಣ್ಣದ ಜಿಗುಟು ಮುದ್ದೆ. ಮಾವನವರು ಕಡ್ಡಿ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ಕೆಂಡಕ್ಕೆ ಮುಟ್ಟಿಸಿ, ಕಣ್ಣು ಮುಚ್ಚಿ, ಆಮೇಲೆ ದರ ಹೇಳುತ್ತಿದ್ದರು. ಹಾಲುಮಡ್ಡಿಯ ಗುಣ ಅಂದರೆ ಗಾಳಿಯ ತೇವ ಎಳೆದುಕೊಳ್ಳುವುದು. ಅದು ಬೆರೆತ ಕಡ್ಡಿ ಮುಟ್ಟಿದರೆ ಮೆತ್ತಗಿರುತ್ತದೆ, ನಿಧಾನ ಉರಿಯುತ್ತದೆ. ಹಳೆಯ ಚಂಪಾ ಬತ್ತಿಗಳ ಸಿಹಿ ಪರಿಮಳದ ಗುಟ್ಟು ಇದೇ.

ಮಲೆನಾಡಿನವರು ಧೂಪ ಅನ್ನುವುದು ಒಂದೇ ಮರಕ್ಕಲ್ಲ. ಹಾಲುಮಡ್ಡಿ ಒಂದು. ಬಿಳಿ ಅಂಟಿನ ಸಾಲುಧೂಪ ಇನ್ನೊಂದು. ಅದರ ಬೀಜದಿಂದ ತುಪ್ಪದಂಥ ಕೊಬ್ಬು ತೆಗೆಯುತ್ತಾರೆ. ಕರಿ ಅಂಟಿನ ರಾಳಧೂಪ ಮೂರನೆಯದು. ಹಾಗಾಗಿ ‘ಕಾಡು ಧೂಪ’ ಅಂತ ಯಾರಾದರೂ ಕೊಟ್ಟರೆ ಯಾವ ಮರದ್ದು ಅಂತ ಕೇಳಿ. ಹೇಳಲು ಬಾರದಿದ್ದರೆ ಅವರು ಮರ ನೋಡಿಲ್ಲ.

ಆ ಅಜ್ಜ ಬರುವುದು ಒಂದು ವರ್ಷ ನಿಂತಿತು. ಹಾಲುಮಡ್ಡಿ ತೆಗೆಯಲು ತೊಗಟೆಗೆ ಕಚ್ಚು ಹಾಕಬೇಕು. ಹದವಾಗಿ ಹಾಕಿದರೆ ಮರ ಮಾಯಿಸಿಕೊಳ್ಳುತ್ತದೆ. ಬೇಡಿಕೆ ಏರಿದ ಹಾಗೆ ಕಚ್ಚು ಆಳವಾಯ್ತು, ಮರ ಸಾಯತೊಡಗಿದವು, ಇಲಾಖೆ ಬಿಗಿ ಮಾಡಿತು. ಗುಳಮಾವಿನದ್ದು ಇನ್ನೂ ನೋವಿನ ಕಥೆ. ಕಡ್ಡಿಗೆ ಹಿಟ್ಟು ಅಂಟಿಸುವ ಜಿಗಟು ಅಂದೆನಲ್ಲ, ಅದು ಬರುತ್ತಿದ್ದದ್ದು ಗುಳಮಾವಿನಂಥ ಮರದ ತೊಗಟೆ ಪುಡಿಯಿಂದ. ಸುತ್ತಲೂ ತೊಗಟೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಪಶ್ಚಿಮಘಟ್ಟದಲ್ಲಿ ಹೀಗೆ ಹೋದ ಗುಳಮಾವು ಲೆಕ್ಕವಿಲ್ಲದಷ್ಟು. ಅದನ್ನು ನಾನು ಅಂಗಡಿಯಲ್ಲಿ ಕೂತು ಮಾರಿದ್ದೇನೆ, ಮರದ ಹೆಸರೂ ಕೇಳದೆ. ಗೊತ್ತಾಗಿದ್ದು ತಡವಾಗಿ.

ಎಲ್ಲಿ ಸಿಗುತ್ತದೆ ಅಂತ ಕೇಳಿದಿರಿ. ಕಾಡಿಗೆ ಹೋಗಿ ತರಿಸಬೇಡಿ, ಅದಕ್ಕೆ ಪರವಾನಗಿ ಬೇಕು. ಹಾಲುಮಡ್ಡಿ ಹಾಕಿದ ಬತ್ತಿ ಮಾಡುವವರು ಈಗಲೂ ಇದ್ದಾರೆ, ಬೆಲೆ ಜಾಸ್ತಿ. ಡಬ್ಬಿ ಬಿಚ್ಚಿದಾಗ ಕಡ್ಡಿ ಗಟ್ಟಿಯಾಗಿ ಒಣಗಿದ್ದರೆ ಹೆಸರಿಗೆ ಮಾತ್ರ ಹಾಲುಮಡ್ಡಿ. ಇಲ್ಲವೆಂದರೆ ಮನೆಯಲ್ಲೇ ದಶಾಂಗದ (ಹತ್ತು ಸಾಮಗ್ರಿಯ ಧೂಪದ ಪುಡಿ) ಥರ ಪುಡಿ ಮಾಡಿಕೊಳ್ಳಿ. ನಾನು ಮಾಡುವುದು ಹೀಗೆ: ಲಾವಂಚದ ಬೇರು ಎರಡು ಹಿಡಿ, ಕಚೋರ ಒಂದು ಹಿಡಿ, ತೋಟದ ಕೊನ್ನಾರಿ ಗೆಡ್ಡೆ ಒಂದು ಹಿಡಿ, ಲೋಬಾನ ಅರ್ಧ ಹಿಡಿ. ಗೆಡ್ಡೆಗಳನ್ನು ಚೆನ್ನಾಗಿ ಒಣಗಿಸಿ ಕುಟ್ಟಿ, ಲೋಬಾನ ಬೇರೆಯಾಗಿ ಪುಡಿ ಮಾಡಿ ಬೆರೆಸಬೇಕು. ಕೆಂಡಕ್ಕೆ ಹಾಕುವಾಗ ಒಂದು ಹನಿ ತುಪ್ಪ, ಚೂರು ಬೆಲ್ಲ. ಕೊನ್ನಾರಿ ನಿಮ್ಮ ಕಡೆ ತೋಟದಲ್ಲಿ ಕಿತ್ತಷ್ಟೂ ಬರುವ ಕಳೆ, ಅಲ್ವಾ? ಕಿತ್ತದ್ದಕ್ಕೆ ಒಂದು ಉಪಯೋಗವಾಗಲಿ. ನಿಮ್ಮ ಅಜ್ಜನ ವಾಸನೆ ಇದರಲ್ಲಿ ಪೂರ್ತಿ ಬರುವುದಿಲ್ಲ. ಆದರೆ ಮಳೆಗಾಲದ ಸಂಜೆ ಹಾಕಿದರೆ ಹತ್ತಿರ ಹತ್ತಿರ ಬರುತ್ತದೆ.

ಯಜಮಾನರಿಗೆ ಆಸ್ತಮಾ. ನಮ್ಮದು ಸಣ್ಣ ಫ್ಲಾಟು. ಎರಡು ಹೊತ್ತು ಪೂಜೆ ತಪ್ಪಿಸಿದವಳಲ್ಲ. ಹೊಗೆಯಿಲ್ಲದ ಊದಿನಕಡ್ಡಿ ಒಳ್ಳೆಯದಾ?
ಓದುಗಿ, ಭದ್ರಾವತಿ

‘ಹೊಗೆಯಿಲ್ಲದ’ ಅಂದರೆ ಹೊಗೆ ಕಡಿಮೆ, ಅಷ್ಟೆ. ಉರಿಯುವ ವಸ್ತು ಏನಾದರೂ ಬಿಟ್ಟೇ ಬಿಡುತ್ತದೆ. ವೈದ್ಯರ ಬರಹವೊಂದರಲ್ಲಿ ಓದಿದ ಲೆಕ್ಕ ನನ್ನ ತಲೆಯಲ್ಲಿ ಕೂತಿದೆ. ಒಂದು ಗ್ರಾಂ ಸಿಗರೇಟು ಉರಿದರೆ ಬರುವ ಸಣ್ಣ ಕಣ ಸುಮಾರು 10 ಮಿಲಿಗ್ರಾಂ. ಅಷ್ಟೇ ತೂಕದ ಊದಿನಕಡ್ಡಿಯಿಂದ 45 ಮಿಲಿಗ್ರಾಂಗಿಂತ ಜಾಸ್ತಿ. ಸಿಗರೇಟನ್ನು ಎದೆಗೆ ಎಳೆದುಕೊಳ್ಳುತ್ತಾರೆ, ಇದನ್ನು ಹಾಗೆ ಎಳೆಯುವುದಿಲ್ಲ, ನಿಜ. ಆದರೂ ಆಸ್ತಮಾ ಇರುವವರು ಪಕ್ಕದಲ್ಲೇ ಕೂತಿರುವಾಗ ಬೇಡ.

ದೇವರಿಗೆ ಧೂಪವೇ ಆಗಬೇಕು ಅಂದರೆ ಕಡ್ಡಿಯನ್ನು ಅರ್ಧ ಮುರಿದು ಬಾಲ್ಕನಿಯ ತುಳಸಿ ಮುಂದೆ ಹಚ್ಚಿ. ಒಳಗೆ ಹೂವಿನ ಪರಿಮಳ ಸಾಕು. ನಮ್ಮ ಮಲೆನಾಡಿನವರಿಗೆ ಪರಿಮಳಕ್ಕೆ ಬೆಂಕಿ ಬೇಕಾ? ಸುರಗಿ ಇದೆ. ಒಣಗಿದರೂ ಪರಿಮಳ ಹೋಗದ ಹೂ. ಬೇಸಗೆಯಲ್ಲಿ ಸಿಕ್ಕ ಸುರಗಿಯನ್ನು ದಾರಕ್ಕೆ ಪೋಣಿಸಿ ಒಣಗಿಸಿ ದೇವರ ಪಟಕ್ಕೆ ಹಾಕಿ. ಮಳೆ ಹಿಡಿದ ಮೇಲೂ ವಾಸನೆ ಇರುತ್ತದೆ. ರಂಜದ ಹೂವೂ ಹಾಗೇ. ಸಂಪಿಗೆ ಎರಡು ನೀರಿನ ಬಟ್ಟಲಲ್ಲಿ ಬಿಟ್ಟರೆ ಫ್ಲಾಟು ತುಂಬುತ್ತದೆ. ಹೂವಿನ ಪರಿಮಳಕ್ಕೂ ಅವರಿಗೆ ತೊಂದರೆಯಾದರೆ ಒಂದು ತುಪ್ಪದ ದೀಪ. ಅದೂ ಬೇಡವೆಂದರೆ ಕೈ ಮುಗಿದು ಎದ್ದು ಬನ್ನಿ. ಯಜಮಾನರು ಉಸಿರೆಳೆಯಲು ಒದ್ದಾಡುತ್ತಿದ್ದರೆ ಯಾವ ದೇವರು ಧೂಪ ಕೇಳುತ್ತಾನೆ?

ಮಳೆಗಾಲದಲ್ಲಿ ಊದಿನಕಡ್ಡಿ ಹತ್ತುವುದೇ ಇಲ್ಲ. ಉಪಾಯ ಹೇಳಿ.
ಓದುಗ, ಆಗುಂಬೆ

ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಹೊಯ್ಯುವ ಊರಿನವರು ಕೇಳುತ್ತಿದ್ದೀರಿ. ಉಪಾಯ ನೀವೇ ನಮಗೆ ಹೇಳಬೇಕಿತ್ತು! ಮೊದಲು ನೋಡಿ, ತಂಡಿ ಹಿಡಿದಿರುವುದು ಕಡ್ಡಿಯಾ ಬೆಂಕಿಪೊಟ್ಟಣವಾ ಅಂತ. ಸುಮಾರು ಸಲ ಪೊಟ್ಟಣದ ತಪ್ಪಿಗೆ ಕಡ್ಡಿ ಬೈಸಿಕೊಳ್ಳುತ್ತದೆ.

ಆರಿದ್ರೆ ಮಳೆ ಶುರುವಾದ ಮೇಲೆ ವರ್ಷದ್ದು ಒಟ್ಟಿಗೆ ಕೊಳ್ಳಬೇಡಿ. ತಿಂಗಳಿಗೆ ಬೇಕಾದಷ್ಟು ಸಾಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯ ತಳಕ್ಕೆ, ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ. ವಾರಕ್ಕೊಮ್ಮೆ ಅದೇ ಅಕ್ಕಿಯನ್ನು ಮತ್ತೆ ಬಿಸಿ ಮಾಡಿ. ಒಲೆಯ ನೇರ ಮೇಲೆ, ಅಟ್ಟದಲ್ಲಿ ಇಡಬೇಡಿ. ಬಿಸಿಗೆ ಪರಿಮಳ ಹಾರಿಹೋಗುತ್ತದೆ, ಬೆಂಕಿಯ ಭಯ ಬೇರೆ. ಬೆಳಿಗ್ಗೆ ದೋಸೆಯಾದ ಮೇಲೆ ಒಲೆ ಆರಿಸಿ, ಕಾವಲಿ ಉಗುರು ಬೆಚ್ಚಗಾದಾಗ ಅವತ್ತಿನ ಒಂದು ಕಡ್ಡಿಯನ್ನು ಎರಡು ನಿಮಿಷ ಅದರ ಮೇಲಿಟ್ಟರೆ ಸಲೀಸಾಗಿ ಹತ್ತುತ್ತದೆ. ಹಾಲುಮಡ್ಡಿಯ ಕಡ್ಡಿಗೆ ಇದು ಬೇಡ, ಅದರ ಸ್ವಭಾವವೇ ಮೆತ್ತಗೆ.

ಸೊಳ್ಳೆ ಓಡಿಸುವ ಅಗರಬತ್ತಿ ದೇವರ ಮುಂದೆ ಹಚ್ಚಬಹುದಾ?
ಓದುಗ, ಶಿವಮೊಗ್ಗ

ದೇವರಿಗೆ ಸೊಳ್ಳೆ ಕಚ್ಚುವುದಿಲ್ಲ. ನಿಮಗೆ ಬೇಕಾದರೂ ಪ್ಯಾಕೆಟ್ ತಿರುಗಿಸಿ ನೋಡಿ. ಸೊಳ್ಳೆ ಸಾಯಿಸುವ ಔಷಧಿ ಇದ್ದ ಮೇಲೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದ ಅಗ್ಗದ ಪ್ಯಾಕೆಟ್‌ಗಳನ್ನು ನನ್ನ ಮಗ ಅಂಗಡಿಗೆ ತಂದಿದ್ದ. ವಾಪಸ್ ಕಳಿಸಿದೆ. ಮೂರು ದಿನ ಮಾತು ಬಿಟ್ಟಿದ್ದ.

ಉರಿದು ಉಳಿದ ಬಿದಿರ ಕಡ್ಡಿಯ ತುಂಡುಗಳನ್ನು ಏನು ಮಾಡಬೇಕು? ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ.
ಅಜ್ಜಿ, ರಿಪ್ಪನ್‌ಪೇಟೆ

ನಮ್ಮತ್ತೆ ಸೇವಂತಿಗೆ ಸಸಿಗೆ ಊರುಗೋಲು ಕೊಡುತ್ತಿದ್ದರು, ನೂಲಿನಿಂದ ಕಟ್ಟಿ. ನಾನೂ ಮೆಣಸಿನ ಸಸಿಗೆ ಹಾಗೇ ಮಾಡುತ್ತೇನೆ. ಬೂದಿಯನ್ನು ಹಿತ್ತಾಳೆ ತಿಕ್ಕುವ ಹುಣಸೆಹಣ್ಣಿನ ಜೊತೆ ಸೇರಿಸಿ. ಮಾವನವರು ದಪ್ಪನೆಯ ತುಂಡುಗಳನ್ನು ಗೋಡೆಯ ಬಿರುಕಿಗೆ ಸಿಕ್ಕಿಸಿ ಬಾಕಿದಾರರ ಚೀಟಿ ಚುಚ್ಚಿಡುತ್ತಿದ್ದರು. ಅಂಗಡಿಗೆ ಎರಡು ಸಲ ಬಣ್ಣ ಹೊಡೆಸಿದ್ದೇವೆ. ಒಂದು ಕಡ್ಡಿ ಈಗಲೂ ಅಲ್ಲೇ ಇದೆ, ಅದರಲ್ಲಿ 11 ರೂಪಾಯಿ ಬಾಕಿಯ ಚೀಟಿಯೂ.